ಐದನೆಯ ಗುಬ್ಬಿಯನ್ನು ಮರೆಯದ ಸೃಷ್ಟಿಕರ್ತ



ಗುಬ್ಬಿ ಎಂಬ ಹೆಸರನ್ನು ಕೇಳಿದೊಡನೆ ನಮ್ಮಲ್ಲಿ ಕೆಲವರಿಗೆ ತುಮಕೂರಿನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಊರು ನೆನಪಾಗುತ್ತದೆ. ಕೆಲವರಿಗೆ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ. ಮಕ್ಕಳಿಗಾದರೋ ಮನೆಯ ಸೂರಿನಲ್ಲಿ ಗೂಡು ಕಟ್ಟುವ ಪುಟ್ಟ ಹಕ್ಕಿಯೇ ಮೊದಲು ನೆನಪಾಗುತ್ತದೆ. 1837ರಲ್ಲಿ ವೆಸ್ಲಿಯನ್ ಮಿಷನರಿ ಥಾಮಸ್ ಹಾಡ್ಸನ್ ಅವರು ಈ ಊರಿನಲ್ಲಿ ಸುವಾರ್ತಾ ಸೇವೆಯನ್ನು ಆರಂಭಿಸಿದರು. ಅದಕ್ಕೆ ಆರು ವರ್ಷ ಮೊದಲು, 1831ರಲ್ಲಿ, ಬಳ್ಳಾರಿಯಲ್ಲಿ ಕನ್ನಡ ಸತ್ಯವೇದದ ಮುದ್ರಣ ಪೂರ್ಣಗೊಂಡಿತ್ತು. ಹಿಂದಿನಿಂದಲೂ ಸಂತೆ ವ್ಯಾಪಾರಕ್ಕೆ ಹೆಸರಾದ ಗುಬ್ಬಿಯಲ್ಲಿ ಆ ಗ್ರಂಥವನ್ನು ತೆರೆದು ಓದುವವನಿಗೆ ಒಂದು ಸೊಗಸಾದ ಸಂಗತಿ ಎದುರಾಗುತ್ತದೆ. ಕರ್ತನಾದ ಯೇಸುವೂ ಗುಬ್ಬಿಗಳ ಕುರಿತು, ಅದರಲ್ಲಿಯೂ ಸಂತೆಯಲ್ಲಿ ಬೆಲೆಕಟ್ಟಿ ಮಾರಲ್ಪಡುವ ಗುಬ್ಬಿಗಳ ಕುರಿತು ಮಾತನಾಡಿದ್ದಾನೆ.

ಆ ಮಾತಿಗೆ ನಾವು ಮುಂದೆ ಬರೋಣ. ಅದಕ್ಕೆ ಮೊದಲು ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕಾಗಿದೆ. ಪ್ರತಿ ಭಾನುವಾರ ಆರಾಧನೆಯಲ್ಲಿ ನಾವೆಲ್ಲರೂ ಎದ್ದುನಿಂತು, ಭೂಮ್ಯಾಕಾಶಗಳನ್ನು ಸೃಷ್ಟಿಸಿದ ದೇವರನ್ನು ನಂಬುತ್ತೇವೆಂದು ಅರಿಕೆ ಮಾಡುತ್ತೇವೆ. ಸೋಮವಾರ ಬೆಳಿಗ್ಗೆ ಈ ನಂಬಿಕೆ ನಮಗೆ ಯಾವ ಬಲವನ್ನು ಕೊಡುತ್ತದೆ? ಕೊಡುವುದಾದರೆ, ಕಷ್ಟ ಬಂದಾಗಲೂ ಆ ಬಲ ನಿಲ್ಲುತ್ತದೆಯೇ?

ಒಂದು ಮನೆಯ ಚಿತ್ರ

ಇಂಥದೊಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ನಿಮ್ಮ ಸಭೆಯಲ್ಲಿಯೇ ಇಂಥ ಕುಟುಂಬ ಇರಬಹುದು. ಒಂದೆರಡು ಎಕರೆ ತೆಂಗು, ಅದರ ನಡುವೆ ಅಡಕೆ. ಅಜ್ಜ ನೆಟ್ಟ ಮರಗಳು, ಅಪ್ಪ ನೀರೆರೆದ ಮರಗಳು. ತೆರೆದ ಬಾವಿ ಬತ್ತಿ ಬಹುಕಾಲವಾಯಿತು. ಮೊದಲ ಕೊಳವೆಬಾವಿ ಹತ್ತು ವರ್ಷ ನೀರು ಕೊಟ್ಟು ನಿಂತುಹೋಯಿತು. ಸಾಲ ಮಾಡಿ ಕೊರೆಸಿದ ಎರಡನೆಯದರಲ್ಲಿ ಒಂದೇ ಬೇಸಿಗೆ ನೀರು ಬಂತು. ಹೆಂಡತಿಯ ಒಡವೆಯನ್ನು ಅಡವಿಟ್ಟು ಕೊರೆಸಿದ ಮೂರನೆಯದರಲ್ಲಿ ಬರಿಯ ಕಲ್ಲಿನ ಪುಡಿ ಹಾರಿತು. ಮರಗಳ ಗರಿಗಳು ಒಂದೊಂದಾಗಿ ಜೋತುಬೀಳುತ್ತಿವೆ. ಮಗಳ ಕಾಲೇಜಿನ ಶುಲ್ಕ ಕಟ್ಟುವ ದಿನ ಹತ್ತಿರ ಬಂದಿದೆ. ಆ ಮನೆಯ ಯಜಮಾನನು ಭಾನುವಾರ ದೇವಾಲಯದ ಕೊನೆಯ ಬೆಂಚಿನಲ್ಲಿ ಕುಳಿತು, ಸೃಷ್ಟಿಯ ಸೌಂದರ್ಯವನ್ನು ಹೊಗಳುವ ಕೀರ್ತನೆಯನ್ನು ಇತರರೊಂದಿಗೆ ಹಾಡಬೇಕಾಗಿದೆ. ಅವನ ಬಾಯಿ ಹಾಡುತ್ತದೆ. ಅವನ ಮನಸ್ಸು ಮಾತ್ರ, ಆಕಾಶವನ್ನು ಉಂಟುಮಾಡಿದವನಿಗೆ ನನ್ನ ತೋಟದ ಮೇಲಿನ ಆಕಾಶ ಕಾಣದೇ ಎಂದು ಕೇಳುತ್ತದೆ.

ಈ ಪ್ರಶ್ನೆಯನ್ನು ಅವಿಶ್ವಾಸವೆಂದು ತಳ್ಳಿಬಿಡುವುದು ಸುಲಭ. ಆದರೆ ದೇವರನ್ನು ನಂಬದವನು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಮಳೆಗೆ ಒಬ್ಬ ಒಡೆಯನಿದ್ದಾನೆಂದು ನಂಬಿದವನಿಗೆ ಮಾತ್ರ, ಮಳೆ ಬಾರದಿದ್ದಾಗ ಯಾರನ್ನು ಕೇಳಬೇಕೆಂಬುದು ತಿಳಿದಿರುತ್ತದೆ.

ಧಾತು ಈಶ್ವರದ ಬರ

ನಮ್ಮ ನಾಡಿಗೆ ಈ ಪ್ರಶ್ನೆ ಹೊಸದಲ್ಲ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ಹಳೆಯ ಮೈಸೂರು ಸಂಸ್ಥಾನವನ್ನು ಭೀಕರ ಕ್ಷಾಮ ಆವರಿಸಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಸಂಸ್ಥಾನದ ಜನಸಂಖ್ಯೆ 1881ರ ಜನಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಈ ಎರಡು ಅಂಕಿಗಳ ನಡುವೆ ಎಷ್ಟು ಒಲೆಗಳು ಆರಿಹೋದವೋ, ಎಷ್ಟು ತೊಟ್ಟಿಲುಗಳು ಬರಿದಾದವೋ ಯೋಚಿಸಿರಿ. ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳಿಗಾಗಿ ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಗಂಡುಮಕ್ಕಳ ಅನಾಥಾಲಯವನ್ನೂ ಹಾಸನದಲ್ಲಿ ಹೆಣ್ಣುಮಕ್ಕಳ ಅನಾಥಾಲಯವನ್ನೂ ತೆರೆಯಿತು.

ಆ ಅನಾಥಾಲಯದಲ್ಲಿ ಒಬ್ಬ ಉಪದೇಶಕನು ಆದಿಕಾಂಡದ ಮೊದಲನೆಯ ಅಧ್ಯಾಯವನ್ನು ಪಾಠ ಮಾಡುವ ಸನ್ನಿವೇಶವನ್ನು ಊಹಿಸಿಕೊಳ್ಳಿರಿ. ದೇವರು ತಾನು ಉಂಟುಮಾಡಿದ್ದನ್ನೆಲ್ಲ ನೋಡಿ ಮೆಚ್ಚಿದನೆಂಬ ಮಾತನ್ನು, ಹೆತ್ತವರನ್ನು ಹಸಿವಿನಲ್ಲಿ ಕಳೆದುಕೊಂಡ ಬಾಲಕರಿಗೆ ಹೇಳುವುದು ಹೇಗೆ? ನಾಲಿಗೆ ತಡವರಿಸುವುದಿಲ್ಲವೇ?

ಇಲ್ಲಿ ನಾವು ಒಂದು ವಿವೇಚನೆಯನ್ನು ಮಾಡಬೇಕು. ಆ ವರ್ಷಗಳಲ್ಲಿ ಮಳೆ ತಪ್ಪಿದ್ದು ನಿಜ. ಆದರೆ ದಕ್ಷಿಣ ಭಾರತದ ಜನರು ಹಸಿವಿನಿಂದ ಸಾಯುತ್ತಿದ್ದ ಅದೇ ಕಾಲದಲ್ಲಿ ಭಾರತದ ಬಂದರುಗಳಿಂದ ಧಾನ್ಯವು ಹೊರದೇಶಕ್ಕೆ ರಫ್ತಾಗುತ್ತಿದ್ದುದೂ ನಿಜ. ಬರವನ್ನು ಆಕಾಶ ತರಬಹುದು, ಆದರೆ ಬರವನ್ನು ಮರಣವಾಗಿಸುವುದರಲ್ಲಿ ಮನುಷ್ಯನ ಕೈಯೂ ಇರುತ್ತದೆ. ನಮ್ಮ ಕಾಲದ ಕೊಳವೆಬಾವಿಯ ಕಥೆಯೂ ಹೀಗೆಯೇ. ಕೆರೆಯಲ್ಲಿ ಹೂಳು ತುಂಬಲು ಬಿಟ್ಟವರು ನಾವು. ನೀರು ಹರಿದುಬರುವ ಹಳ್ಳವನ್ನು ಒತ್ತುವರಿ ಮಾಡಿದವರೂ ನಾವು. ನೆಲದೊಳಗೆ ಇಳಿದದ್ದಕ್ಕಿಂತ ಹೆಚ್ಚು ನೀರನ್ನು ಮೇಲೆತ್ತಿದವರೂ ನಾವೇ. ಎಲ್ಲವನ್ನೂ ದೇವರ ಚಿತ್ತವೆಂದು ಹೇಳಿ ಕೈತೊಳೆದುಕೊಳ್ಳುವುದು ಭಕ್ತಿಯಲ್ಲ.

ಆದರೂ ಇಷ್ಟರಿಂದ ಪ್ರಶ್ನೆ ತೀರಲಿಲ್ಲ. ಮನುಷ್ಯನ ತಪ್ಪನ್ನೆಲ್ಲ ಲೆಕ್ಕ ಹಾಕಿದ ಮೇಲೂ ಒಂದಿಷ್ಟು ನೋವು ಉಳಿಯುತ್ತದೆ. ಯಾರ ತಪ್ಪೂ ಇಲ್ಲದೆ ಮಗುವಿಗೆ ಬರುವ ಕಾಯಿಲೆ, ಕಾಲದಲ್ಲಿ ಬಾರದ ಮಳೆ, ನಿಷ್ಠೆಯಿಂದ ದುಡಿದವನಿಗೇ ಬಂದೊದಗುವ ನಷ್ಟ. ಅದಕ್ಕೆ ಸೃಷ್ಟಿಕರ್ತನು ಏನು ಹೇಳುತ್ತಾನೆ?

ಯೋಬನಿಗೆ ದೊರೆತ ಉತ್ತರ

ಸತ್ಯವೇದದಲ್ಲಿ ಈ ಪ್ರಶ್ನೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದವನು ಯೋಬನು. ಅವನ ಸ್ನೇಹಿತರು ದೇವರ ಪರವಾಗಿ ವಾದಿಸಿದರು. ನಷ್ಟವಾಗಿದ್ದರೆ ಪಾಪವಿದ್ದೇ ಇರಬೇಕೆಂದು ಲೆಕ್ಕ ಹಾಕಿದರು. ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತನಾಡಿದಾಗ ಆ ಲೆಕ್ಕವನ್ನು ಒಪ್ಪಲಿಲ್ಲ. ಆತನನ್ನು ಪ್ರಶ್ನಿಸಿದ ಯೋಬನೇ ಸರಿಯಾಗಿ ಮಾತನಾಡಿದವನೆಂದು ತೀರ್ಪು ಬಂತು (ಯೋಬ 42:7).

ಆದರೆ ಯೋಬನಿಗೂ ದೇವರು ಕಾರಣವನ್ನು ವಿವರಿಸಲಿಲ್ಲ. ಅದರ ಬದಲು ತನ್ನ ಸೃಷ್ಟಿಯ ಮುಂದೆ ಅವನನ್ನು ನಿಲ್ಲಿಸಿದನು. ಭೂಮಿಯ ಅಸ್ತಿವಾರ, ಸಮುದ್ರದ ಎಲ್ಲೆ, ಹಿಮದ ಉಗ್ರಾಣ, ಹಸಿದು ಕೂಗುವ ಕಾಗೆಯ ಮರಿ, ತನ್ನ ಮೊಟ್ಟೆಯನ್ನೇ ಮರೆಯುವ ಉಷ್ಟ್ರಪಕ್ಷಿ ಇವೆಲ್ಲ ಅಲ್ಲಿ ಬರುತ್ತವೆ. ಕಹಳೆಯ ಧ್ವನಿಗೆ ನೆಲವನ್ನು ಕೆರೆಯುವ ಯುದ್ಧದ ಕುದುರೆಯ ಒಂದು ವರ್ಣನೆಯೂ ಇದೆ. ಟಿಪ್ಪು ಸುಲ್ತಾನನ ಕಾಲದಿಂದಲೂ ಕುದುರೆಗಳಿಗೆ ಹೆಸರಾದ ಕುಣಿಗಲಿನ ನಮ್ಮ ಓದುಗರು ಆ ಮೂವತ್ತೊಂಬತ್ತನೆಯ ಅಧ್ಯಾಯವನ್ನು ಒಮ್ಮೆ ಬಿಡುವಾಗಿ ಓದಬೇಕು. ಇನ್ನೊಂದು ಮಾತು ನನ್ನನ್ನು ಬಹಳ ಕಾಲದಿಂದ ಕಾಡಿದೆ. ಮನುಷ್ಯರೇ ಇಲ್ಲದ ಅರಣ್ಯದಲ್ಲಿಯೂ ದೇವರು ಮಳೆ ಸುರಿಸುತ್ತಾನೆಂದು ಅಲ್ಲಿ ಹೇಳಿದೆ (38:26).

ತೋಟ ಒಣಗುತ್ತಿರುವವನಿಗೆ ಇದು ಸಮಾಧಾನವೇ? ಯಾರಿಗೂ ಬೇಡದ ಕಡೆ ಮಳೆ ಸುರಿಯುತ್ತದೆಂದು ಕೇಳಿ ಅವನು ಸಿಟ್ಟಾಗುವುದಿಲ್ಲವೇ? ಮೊದಲಿಗೆ ಆಗಬಹುದು. ಆದರೆ ನಿಧಾನವಾಗಿ ಯೋಚಿಸಿದರೆ ಇದರಲ್ಲಿ ಒಂದು ಬಿಡುಗಡೆಯಿದೆ. ಮಳೆ ನನ್ನ ಪುಣ್ಯದ ಕೂಲಿಯಲ್ಲ, ಬರ ನನ್ನ ಪಾಪದ ದಂಡವೂ ಅಲ್ಲ. ನನ್ನ ನೋವು ನನಗೆ ಇಡೀ ಆಕಾಶವನ್ನು ಮುಚ್ಚಿದಂತೆ ಕಾಣುತ್ತಿದ್ದರೂ, ನನ್ನನ್ನು ಹೊತ್ತಿರುವ ಸೃಷ್ಟಿ ಅದಕ್ಕಿಂತ ವಿಶಾಲವಾಗಿದೆ. ಆ ವಿಶಾಲ ಸೃಷ್ಟಿಯ ಒಡೆಯನು ಬೂದಿಯಲ್ಲಿ ಕುಳಿತ ಒಬ್ಬ ರೋಗಿಯೊಂದಿಗೆ ಮಾತನಾಡಲು ಇಳಿದುಬಂದನು. ಯೋಬನಿಗೆ ಬಲ ಬಂದದ್ದು ಕಾರಣ ತಿಳಿದುದರಿಂದಲ್ಲ. ಅದುವರೆಗೆ ಕಿವಿಯಿಂದ ಮಾತ್ರ ಕೇಳಿದ್ದ ದೇವರನ್ನು ಅವನು ಕಂಡುಕೊಂಡನು.

ಬೆಟ್ಟಕ್ಕಿಂತ ಆಚೆಗೆ

ತುಮಕೂರಿನವರಿಗೆ ದೇವರಾಯನದುರ್ಗದ ಬೆಟ್ಟ ಪರಿಚಿತ. ಶಿಂಷಾ ನದಿ ಹುಟ್ಟುವುದು ಆ ಭಾಗದಲ್ಲಿಯೇ. ಅಲ್ಲಿಂದ ಅದು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಗೆ ನೀರುಣಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಹಾದು, ಕಾವೇರಿಯನ್ನು ಸೇರುತ್ತದೆ. ನಮ್ಮ ಮೂರೂ ಊರುಗಳ ಸೀಮೆಯನ್ನು ಹೀಗೆ ಒಂದೇ ನದಿ ಕಟ್ಟಿಹಾಕಿದೆ. ಬೇಸಿಗೆಯಲ್ಲಿ ಆ ಬೆಟ್ಟದ ಮೇಲೆ ಮೋಡ ಕಟ್ಟುವುದನ್ನು ನೋಡುತ್ತ ನಿಂತವರ ಮನಸ್ಸಿನಲ್ಲಿ ಏನಿರುತ್ತದೆಂದು ನಮಗೆಲ್ಲ ಗೊತ್ತು.

121ನೆಯ ಕೀರ್ತನೆಯನ್ನು ಬರೆದವನೂ ಬೆಟ್ಟಗಳ ಕಡೆಗೆ ಕಣ್ಣೆತ್ತಿದನು. ಆದರೆ ಬೆಟ್ಟದಲ್ಲಿಯೇ ನಿಲ್ಲಲಿಲ್ಲ. ತನಗೆ ಸಹಾಯ ಬರುವುದು ಬೆಟ್ಟವನ್ನೂ ಅದರ ಮೇಲಿನ ಆಕಾಶವನ್ನೂ ಉಂಟುಮಾಡಿದವನಿಂದ ಎಂದು ತಿಳಿದುಕೊಂಡನು. ಈ ಭೇದ ಸಣ್ಣದಲ್ಲ. ಬೆಟ್ಟವನ್ನು ನೆಚ್ಚಿದವನಿಗೆ ಮೋಡ ಚದರಿದಾಗ ಎಲ್ಲವೂ ಮುಗಿಯುತ್ತದೆ. ತೋಟವನ್ನು ನೆಚ್ಚಿದವನಿಗೆ ಮರ ಒಣಗಿದಾಗ, ಸಂಬಳವನ್ನು ನೆಚ್ಚಿದವನಿಗೆ ಕೆಲಸ ಹೋದಾಗ, ಮಕ್ಕಳನ್ನೇ ನೆಚ್ಚಿದವನಿಗೆ ಅವರು ದೂರ ಹೋದಾಗ ಕಾಲ ಕೆಳಗಿನ ನೆಲ ಕುಸಿಯುತ್ತದೆ. ಇವೆಲ್ಲವೂ ಒಳ್ಳೆಯವುಗಳೇ, ದೇವರ ದಾನಗಳೇ. ಆದರೆ ಸೃಷ್ಟಿಯಾದ ಯಾವ ವಸ್ತುವಿನ ಮೇಲೂ ಸೃಷ್ಟಿಕರ್ತನ ಮೇಲೆ ಹಾಕಬೇಕಾದ ಭಾರವನ್ನು ಹಾಕಬಾರದು. ಅದು ಆ ಭಾರವನ್ನು ತಾಳಲಾರದು.

ಯೆಶಾಯನ ಗ್ರಂಥದ ನಲವತ್ತನೆಯ ಅಧ್ಯಾಯವೂ ಇದನ್ನೇ ಸಾರುತ್ತದೆ. ಕ್ರಿ.ಪೂ. 586ರ ಹೊತ್ತಿಗೆ ಯೆರೂಸಲೇಮ್ ನಾಶವಾಗಿತ್ತು, ಜನರು ಬಾಬೆಲಿಗೆ ಸೆರೆಯಾಗಿ ಹೋಗಿದ್ದರು. ದೇವಾಲಯವಿಲ್ಲ, ಅರಸನಿಲ್ಲ, ಸ್ವಂತ ಹೊಲವಿಲ್ಲ. ಅವರಿಂದ ಯಾರೂ ಕಿತ್ತುಕೊಳ್ಳಲಾಗದೆ ಉಳಿದದ್ದು ರಾತ್ರಿಯ ಆಕಾಶವೊಂದೇ. ಅದನ್ನೇ ನೋಡಿರೆಂದು ಪ್ರವಾದಿಯು ಕರೆಯುತ್ತಾನೆ. ಒಂದೊಂದು ನಕ್ಷತ್ರವನ್ನೂ ಹೆಸರಿಟ್ಟು ಕರೆಯುವವನು ದಣಿಯುವುದಿಲ್ಲ, ದಣಿದವರಿಗೆ ಬಲವನ್ನು ಕೊಡುತ್ತಾನೆ ಎಂದು ಧೈರ್ಯ ಹೇಳುತ್ತಾನೆ. ಆ ಅಧ್ಯಾಯದ ಕೊನೆಯಲ್ಲಿ ಹದ್ದಿನಂತೆ ಹಾರುವುದು, ಓಡುವುದು, ನಡೆಯುವುದು ಎಂಬ ಮೂರು ಚಿತ್ರಗಳಿವೆ. ನಡೆಯುವುದು ಕೊನೆಯಲ್ಲಿ ಬಂದಿರುವುದನ್ನು ಗಮನಿಸಿರಿ. ಹಾರುವ ದಿನಗಳು ಕೆಲವೇ. ಬಳಲಿ ಕುಸಿಯದೆ ನಾಳೆಯ ದಿನದೊಳಕ್ಕೆ ನಡೆದುಹೋಗುವುದೇ ಬಹುಪಾಲು ಮನೆಗಳಿಗೆ ಬೇಕಾದ ಬಲ.

ಬಿದ್ದ ಗುಬ್ಬಿ

ಈಗ ಗುಬ್ಬಿಗಳ ಮಾತಿಗೆ ಬರೋಣ. ಮತ್ತಾಯನ ಸುವಾರ್ತೆಯ ಪ್ರಕಾರ ಒಂದು ದುಡ್ಡಿಗೆ ಎರಡು ಗುಬ್ಬಿಗಳು (10:29). ಲೂಕನ ಸುವಾರ್ತೆಯಲ್ಲಿ ಎರಡು ದುಡ್ಡಿಗೆ ಐದು ಗುಬ್ಬಿಗಳು (12:6). ಈ ದುಡ್ಡು ರೋಮನ್ನರ ಸಣ್ಣ ತಾಮ್ರದ ನಾಣ್ಯ. ಒಂದು ದಿನದ ಕೂಲಿಯಾಗಿದ್ದ ಬೆಳ್ಳಿಯ ದಿನಾರಿಯಲ್ಲಿ ಅದು ಹದಿನಾರನೆಯ ಒಂದು ಪಾಲು. ಸಂತೆಗೆ ಹೋಗುವ ನಮ್ಮ ಗೃಹಿಣಿಯರಿಗೆ ಈ ಲೆಕ್ಕ ಕೂಡಲೇ ಹೊಳೆಯುತ್ತದೆ. ಒಂದಕ್ಕೆ ಎರಡಾದರೆ ಎರಡಕ್ಕೆ ನಾಲ್ಕು. ಹಾಗಾದರೆ ಐದನೆಯ ಗುಬ್ಬಿ? ಅದು ಕೊಸರು. ಹೆಚ್ಚಿಗೆ ಕೊಂಡವರಿಗೆ ಮೇಲಿಂದ ಹಾಕಿಕೊಟ್ಟದ್ದು. ಅದಕ್ಕೆ ಬೆಲೆಯೇ ಇಲ್ಲ. ಅಂಥ ಗುಬ್ಬಿಗಳಲ್ಲಿ ಒಂದನ್ನೂ ದೇವರು ಮರೆಯುವುದಿಲ್ಲವೆಂದು ಕರ್ತನು ಹೇಳುತ್ತಾನೆ.

ಸಾಲದ ಹೊರೆಯನ್ನು ತಾಳಲಾರದೆ ಪ್ರಾಣವನ್ನೇ ನೀಗಿಕೊಂಡ ರೈತರ ಸುದ್ದಿಯನ್ನು ನಮ್ಮ ರಾಜ್ಯದಲ್ಲಿ ನಾವು ಎಷ್ಟೋ ಬಾರಿ ಓದಿದ್ದೇವೆ. ತೋಟ ಹೋದರೆ, ಮಾನ ಹೋದರೆ, ನಾನೂ ಹೋದಂತೆಯೇ ಎಂಬ ಮಾತು ಆ ಸಾವುಗಳ ಹಿಂದೆ ಇರುತ್ತದೆ. ಸಂತೆ ನಮಗೆ ಕಲಿಸಿದ ಲೆಕ್ಕ ಅದು. ಸೃಷ್ಟಿಕರ್ತನ ಲೆಕ್ಕ ಬೇರೆ. ನಿನ್ನನ್ನು ಉಂಟುಮಾಡಿದವನು ನಿನ್ನ ಇಳುವರಿಯನ್ನು ನೋಡಿ ನಿನಗೆ ಬೆಲೆ ಕಟ್ಟಲಿಲ್ಲ. ಕಾಯಿ ಬಿಡದ ಮರವನ್ನು ರೈತನು ಕಡಿಯಬಹುದು, ಆದರೆ ದುಡಿಯಲಾರದ ತಾಯಿಯನ್ನು, ಬುದ್ಧಿ ಬೆಳೆಯದ ಮಗುವನ್ನು, ಸೋತುಬಂದ ಮಗನನ್ನು ದೇವರು ಕೊಸರೆಂದು ಎಣಿಸುವುದಿಲ್ಲ. ಇಂಥ ನಂಬಿಕೆ ಒಬ್ಬ ಮನುಷ್ಯನನ್ನು ಕತ್ತಲ ರಾತ್ರಿಯೊಂದನ್ನು ದಾಟಿಸಬಲ್ಲದು. ಆ ರಾತ್ರಿಯಲ್ಲಿ ಅವನ ಬಾಗಿಲು ತಟ್ಟುವ ಒಬ್ಬ ಸಹೋದರನೂ ಅವನಿಗೆ ಬೇಕೆಂಬುದನ್ನು ಮರೆಯಬೇಡಿರಿ.

ಇಲ್ಲಿಯೂ ನಾವು ಪ್ರಾಮಾಣಿಕರಾಗಿರಬೇಕು. ಗುಬ್ಬಿ ಬೀಳುವುದೇ ಇಲ್ಲವೆಂದು ಕರ್ತನು ಹೇಳಲಿಲ್ಲ. ತಂದೆಗೆ ತಿಳಿಯದೆ ಬೀಳುವುದಿಲ್ಲವೆಂದನು. ಆ ಮಾತನ್ನು ಆತನು ಹೇಳಿದ್ದು ಹಿಂಸೆಯ ಕಡೆಗೆ ಹೊರಟಿದ್ದ ಶಿಷ್ಯರಿಗೆ. ಅವರಲ್ಲಿ ಕೆಲವರು ನಿಜವಾಗಿಯೂ ಬಿದ್ದರು. ನಂಬಿದವನ ಕೊಳವೆಬಾವಿಯಲ್ಲಿ ನೀರು ಬಂದೇ ಬರುತ್ತದೆಂದು ಹೇಳುವ ಬೋಧಕರನ್ನು ನೀವು ಕೇಳಿರಬಹುದು. ಯೇಸುವಾದರೋ ಅಂಥ ಮಾತನ್ನು ಕೊಡಲಿಲ್ಲ. ಬೀಳುವ ಸ್ಥಳದಲ್ಲಿಯೂ ತಂದೆಯಿದ್ದಾನೆಂಬ ಮಾತನ್ನು ಕೊಟ್ಟನು.

1373ರಲ್ಲಿ ಇಂಗ್ಲೆಂಡಿನ ನಾರ್ವಿಚ್ ಪಟ್ಟಣದಲ್ಲಿ ಜೂಲಿಯನ್ ಎಂಬ ಭಕ್ತೆಯು ಮೂವತ್ತನೆಯ ವಯಸ್ಸಿನಲ್ಲಿ ಮರಣಾವಸ್ಥೆಯಲ್ಲಿ ಮಲಗಿದ್ದಾಗ ಒಂದು ದರ್ಶನವನ್ನು ಕಂಡಳು. ತನ್ನ ಅಂಗೈಯಲ್ಲಿ ನಮ್ಮ ಅಡಕೆಗಿಂತಲೂ ಚಿಕ್ಕದಾದ ಒಂದು ಕಾಯಿಯಷ್ಟರ ವಸ್ತು ಕಂಡಿತು. ಸೃಷ್ಟಿಯೆಲ್ಲವೂ ಇಷ್ಟೇ ಎಂದು ಆಕೆಗೆ ತಿಳಿದುಬಂತು. ಇಷ್ಟು ಸಣ್ಣದು ಚೂರಾಗದೆ ಉಳಿದಿರುವುದಾದರೂ ಹೇಗೆಂದು ಆಕೆ ಬೆರಗಾದಳು. ದೇವರು ಪ್ರೀತಿಸುವುದರಿಂದಲೇ ಅದು ಉಳಿದಿದೆ ಎಂಬುದು ಆಕೆ ಪಡೆದ ತಿಳಿವು. ಸೃಷ್ಟಿ ಎಂದೋ ಮುಗಿದ ಕೆಲಸವಲ್ಲ. ಈ ಕ್ಷಣದಲ್ಲಿ ನಿಮ್ಮ ಉಸಿರು ನಡೆಯುತ್ತಿರುವುದೂ ಆ ಕೆಲಸದ ಭಾಗವೇ.

ಬಾಯಾರಿದ ಸೃಷ್ಟಿಕರ್ತ

ಇಷ್ಟನ್ನು ಹೇಳಿ ನಿಲ್ಲಿಸಿದರೆ ಕ್ರೈಸ್ತ ನಂಬಿಕೆಯ ಹೃದಯವನ್ನೇ ಬಿಟ್ಟಂತಾಗುತ್ತದೆ. ಸಮಸ್ತವೂ ಕ್ರಿಸ್ತನ ಮೂಲಕವೇ ಸೃಷ್ಟಿಯಾಯಿತೆಂದು ಪೌಲನು ಕೊಲೊಸ್ಸೆಯ ಸಭೆಗೆ ಬರೆಯುತ್ತಾನೆ (1:16). ಆ ಕ್ರಿಸ್ತನು ಶಿಲುಬೆಯ ಮೇಲೆ ನೀರಡಿಕೆಯಿಂದ ಕೂಗಿದನೆಂದು ಯೋಹಾನನು ಬರೆಯುತ್ತಾನೆ (19:28). ಈ ಎರಡು ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿರಿ. ಬಂಡೆಯೊಳಗೆ ಚಿಲುಮೆಯನ್ನು ಇಟ್ಟವನ ನಾಲಿಗೆ ಒಣಗಿತು. ಮೋಡಗಳಿಗೆ ದಾರಿಯನ್ನು ತೋರಿಸುವವನು ಒಂದು ಗುಟುಕಿಗಾಗಿ ಪರರನ್ನು ಬೇಡಿದನು. ಸೃಷ್ಟಿಕರ್ತನು ನಮ್ಮ ಬರವನ್ನು ಮೇಲಿನಿಂದ ನೋಡುತ್ತ ಕುಳಿತವನಲ್ಲ. ಆತನು ಅದರೊಳಕ್ಕೆ ಇಳಿದುಬಂದನು. ಕೊನೆಯ ಬೆಂಚಿನಲ್ಲಿ ಕುಳಿತ ಆ ರೈತನ ಪ್ರಶ್ನೆಗೆ ನನಗೆ ತಿಳಿದಿರುವ ಅತ್ಯಂತ ಆಳವಾದ ಉತ್ತರ ಇದೇ. ಅವನ ತೋಟದ ಮೇಲಿನ ಆಕಾಶ ಆತನಿಗೆ ಕಾಣುತ್ತದೆ. ಕಾಣುವುದು ಮಾತ್ರವಲ್ಲ, ಆ ಬಾಯಾರಿಕೆಯನ್ನು ಆತನು ತನ್ನ ದೇಹದಲ್ಲಿಯೇ ಬಲ್ಲನು.

ಸತ್ತ ದೇಹದಿಂದ ಆತನನ್ನು ಎಬ್ಬಿಸಿದ ಶಕ್ತಿಯೂ ಆದಿಯಲ್ಲಿ ಇಲ್ಲದ್ದನ್ನು ಇರುವಂತೆ ಮಾಡಿದ ಶಕ್ತಿಯೇ. ಆದುದರಿಂದ ಇನ್ನೇನೂ ಉಳಿದಿಲ್ಲವೆಂದು ನಮಗೆ ತೋರುವ ಸ್ಥಳವೂ ಸೃಷ್ಟಿಕರ್ತನಿಗೆ ಕೆಲಸ ಮಾಡಲು ಸಾಕಾದ ಸ್ಥಳವಾಗಿದೆ.

ಬಲ ಹೊಂದಿದವರ ಕರ್ತವ್ಯ

ಈ ಬಲವನ್ನು ಪಡೆದವರು ಕೈಕಟ್ಟಿ ಕುಳಿತುಕೊಳ್ಳುವಂತಿಲ್ಲ. ದೇವರು ಮೊದಲನೆಯ ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಅದನ್ನು ಸಾಗುಮಾಡುವುದಕ್ಕೂ ಕಾಯುವುದಕ್ಕೂ ಎಂದು ಆದಿಕಾಂಡ ಹೇಳುತ್ತದೆ (2:15). ಸಾಗುಮಾಡುವುದನ್ನು ನಾವು ಚೆನ್ನಾಗಿ ಕಲಿತೆವು, ಕಾಯುವುದನ್ನು ಮರೆತೆವು. ಜನಪದರು ಹಾಡಿ ಹೊಗಳಿದ ಕುಣಿಗಲ್ ಕೆರೆಯನ್ನು ಕಟ್ಟಿದವರು ತಾವು ಕಾಣದ ತಲೆಮಾರುಗಳಿಗಾಗಿ ಮಣ್ಣು ಹೊತ್ತರು. ನಮ್ಮ ಊರಿನ ಕೆರೆಗೆ ಹೂಳೆತ್ತುವ ದಿನ, ದೇವಾಲಯದ ಛಾವಣಿಯ ಮಳೆನೀರನ್ನು ಇಂಗಿಸುವ ದಿನ, ನೆರೆಯವನ ಒಣಗಿದ ತೋಟಕ್ಕೆ ನಮ್ಮ ಬಾವಿಯಿಂದ ಒಂದು ಸರದಿ ನೀರು ಬಿಡುವ ದಿನ ನಾವು ಆ ನಂಬಿಕೆಯ ಅರಿಕೆಯನ್ನು ಕೈಗಳಿಂದ ಹೇಳುತ್ತೇವೆ. ಕ್ಷಾಮದ ಕಾಲದಲ್ಲಿ ತುಮಕೂರಿನ ಅನಾಥಾಲಯದ ಮಕ್ಕಳಿಗೆ ಸೃಷ್ಟಿಕರ್ತನ ಒಳ್ಳೆಯತನ ಅರ್ಥವಾಗಿದ್ದರೆ, ಅದು ಪಾಠಕ್ಕಿಂತ ಮೊದಲು ಅವರ ತಟ್ಟೆಗೆ ಬಿದ್ದ ಮುದ್ದೆಯಲ್ಲಿಯೇ ಅರ್ಥವಾಗಿರಬೇಕು.

ಕೆಲಸದ ಫಲವನ್ನು ಕಾಣದಿದ್ದರೂ ಎದೆಗುಂದಬೇಕಾಗಿಲ್ಲ. ವಿಲಿಯಂ ಆರ್ಥರ್ ಎಂಬ ತರುಣ ಮಿಷನರಿ 1839ರಲ್ಲಿ ಇಂಡಿಯಾಕ್ಕೆ ಬಂದು ಗುಬ್ಬಿಯಲ್ಲಿ ಸೇವೆಗೆ ನಿಂತರು. ಆಗ ಅವರಿಗೆ ಇಪ್ಪತ್ತು ವರ್ಷ. ಎರಡೇ ವರ್ಷಗಳಲ್ಲಿ, 1841ರಲ್ಲಿ, ಆರೋಗ್ಯ ಕೆಟ್ಟು ಹಿಂದಿರುಗಬೇಕಾಯಿತು. ಲೋಕದ ಲೆಕ್ಕದಲ್ಲಿ ಅದು ಸೋಲು. ಆದರೆ ನೆಡುವವನು ಒಬ್ಬ, ನೀರೆರೆಯುವವನು ಇನ್ನೊಬ್ಬ, ಬೆಳೆಸುವವನು ದೇವರು ಎಂಬ ಪೌಲನ ತಿಳಿವಳಿಕೆ ತೆಂಗಿನ ಸೀಮೆಯ ನಮಗೆ ಕಷ್ಟವಾಗಬಾರದು. ಸಸಿ ನೆಟ್ಟ ಮುದುಕನು ಅದರ ಎಳನೀರನ್ನು ಕುಡಿಯುವೆನೆಂದು ನೆಡುತ್ತಾನೆಯೇ?

ಪ್ರಿಯರೇ, ಮುಂದಿನ ಭಾನುವಾರ ನಂಬಿಕೆಯ ಅರಿಕೆಯನ್ನು ಹೇಳಲು ಎದ್ದುನಿಂತಾಗ ಸೃಷ್ಟಿಕರ್ತನೆಂಬ ಮಾತಿನ ಮೇಲೆ ಒಂದು ಕ್ಷಣ ನಿಲ್ಲಿರಿ. ನಿಮ್ಮ ಮನೆಯ ಮುಗಿಯದ ಲೆಕ್ಕವನ್ನು ಆ ಮಾತಿನ ಕೆಳಗೆ ಇಡಿರಿ. ಬಳಿಕ ಕೊನೆಯ ಬೆಂಚಿನ ಕಡೆಗೆ ಒಮ್ಮೆ ತಿರುಗಿ ನೋಡಿರಿ. ಅಲ್ಲಿ ಕುಳಿತವನ ಬಾಯಿಂದ ಹಾಡು ಹೊರಡದಿದ್ದರೆ ಅವನ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿರಿ. ಮಳೆ ಇಂದು ಬರಬಹುದು, ಬಾರದಿರಬಹುದು. ಐದನೆಯ ಗುಬ್ಬಿಯನ್ನು ಮರೆಯದವನು ಅವನನ್ನು ಮರೆತಿಲ್ಲವೆಂಬ ವಾರ್ತೆಯನ್ನು ಅವನಿಗೆ ಮುಟ್ಟಿಸಲು ದೇವರು ನಿಮ್ಮನ್ನೇ ಆರಿಸಿಕೊಂಡಿರಬಹುದು.